ಹೆಬ್ಬೆಟ್ಟಿಗೆ ಲೆಕ್ಕ ಕೊಡದ ಕರಿಕೋಟು

ನಾವು ಕೊಡೇಕಲ್ಲಿನವರು. ಮುಂದಾಗುವುದನ್ನು ಮೊದಲೇ ಹೇಳಿದನೆಂದು ಹೆಸರಾದ ಕೊಡೇಕಲ್ಲ ಬಸವಣ್ಣನ ಊರಿನವರು. ಕಾಲಜ್ಞಾನ ಕೇಳಿ ಬೆಳೆದ ಕಿವಿ ನಮ್ಮವು. ಆದರೆ ನಮ್ಮ ಕೇರಿಯ ಬಡವನ ಕೇಸಿನ ಮುಂದಿನ ತಾರೀಖು ಯಾವುದೆಂದು ಯಾವ ಕಾಲಜ್ಞಾನಿಯೂ ಹೇಳಲಾರ. ಅದು ವಕೀಲ ಸಾಹೇಬರೊಬ್ಬರಿಗೇ ಗೊತ್ತು. ಕೇಸೇ ಹಾಕಿರದಿದ್ದರೆ ಅವರಿಗೂ ಗೊತ್ತಿರುವುದಿಲ್ಲ. ನಾವು ಬರೆಯುತ್ತಿರುವುದು ಹೀಗೆ ಹಾಕದೇ ಹೋದ ಕೇಸುಗಳ ಬಗ್ಗೆ. ಹಾಕದೆಯೂ ‘ಕೇಸ್ ನಡದದ ತಮ್ಮಾ, ನೀ ಸುಮ್ನಿರು’ ಎಂದವರ ಬಗ್ಗೆ. ಅವರ ಮೇಲೆ ದೂರು ಬರೆಯಬ್ಯಾಡ್ರಿ ಎಂದು ನಮಗೇ ಬುದ್ಧಿ ಹೇಳಲು ಬರುವ ಹಿರಿಯರ ಬಗ್ಗೆ.

ಮೊದಲು ನೆಲದ ಮಾತು. ನಾರಾಯಣಪುರದ ಅಣೆಕಟ್ಟು ನಮಗೆ ದೂರವಲ್ಲ. ಕೃಷ್ಣೆಯ ನೀರು ಕಾಲುವೆಗೆ ಬಿತ್ತು, ಹೊಲ ಇದ್ದವರ ಹೊಲ ಹಸಿರಾಯಿತು. ಹೊಲ ಇಲ್ಲದವರ ಪಾಲಿಗೆ ಬಂದದ್ದು ಗುಳೆ ಹೋಗುವ ಬಸ್ಸು. ಸುರಪುರ, ಶಹಾಪುರ, ಹುಣಸಗಿ ಸೀಮೆಯ ಕೇರಿಗಳಿಗೆ ಸುಗ್ಗಿ ಮುಗಿದ ಮೇಲೆ ಬಂದು ನೋಡಿ. ಎಷ್ಟು ಬಾಗಿಲಿಗೆ ಬೀಗ! ಒಳಗೆ ಇರುವವರು ಮುದುಕರು, ಹೊರಗೆ ಆಡುವವು ಕೂಸುಗಳು. ನಡುವಿನ ವಯಸ್ಸಿನವರೆಲ್ಲ ಬೆಂಗಳೂರು, ಪುಣೆ, ಮುಂಬೈ, ಗೋವಾ. ಅಲ್ಲಿ ಹತ್ತು ಅಂತಸ್ತಿನ ಮನೆಗೆ ಸೆಂಟ್ರಿಂಗ್ ಹೊಡೆಯುವ ಕೈ ನಮ್ಮದು. ಆ ಮನೆಯ ಹೊಸ್ತಿಲು ದಾಟುವ ಕಾಲು ನಮ್ಮದಲ್ಲ. ಬಿದ್ದರೆ ಮುರಿಯುವ ಸೊಂಟ ಮಾತ್ರ ನಮ್ಮದು.

ಹಾಗೆ ಬಿದ್ದ ಒಬ್ಬನನ್ನು ಕಣ್ಣ ಮುಂದೆ ನಿಲ್ಲಿಸಿಕೊಳ್ಳೋಣ. ನಿಲ್ಲಿಸಿಕೊಳ್ಳೋಣ ಎಂದೆವು, ಆದರೆ ಅವನು ನಿಲ್ಲಲಾರ, ಮಲಗಿದ್ದಾನೆ. ಸೊಂಟದ ಕೆಳಗೆ ಜೀವ ಇಲ್ಲ. ಅವನಿಗೆ ಹೆಸರು ಕೊಡುವುದಿಲ್ಲ, ಯಾಕೆಂದರೆ ಅವನು ಒಬ್ಬನೇ ಅಲ್ಲ. ಅನೇಕರನ್ನು ಕೂಡಿಸಿದರೆ ಆಗುವ ಒಬ್ಬ. ವಯಸ್ಸು ಮೂವತ್ತು ಅನ್ನಿ. 2022ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಮೂರನೆಯ ಅಂತಸ್ತಿನಿಂದ ಬಿದ್ದ ಅನ್ನಿ. ಮೇಸ್ತ್ರಿ ಆಸ್ಪತ್ರೆಗೆ ಸೇರಿಸಿ ಫೋನು ಬಂದು ಮಾಡಿದ. ಹೆಂಡತಿ ತಾಳಿ ಮಾರಿ ಊರಿಗೆ ಕರೆತಂದಳು. ಆಮೇಲೆ ಒಬ್ಬ ಏಜೆಂಟ ಮನೆಗೇ ಬಂದ. ‘ನಮ್ ವಕೀಲ್ ಸಾಹೇಬ್ರು ಅದಾರ. ರೊಕ್ಕ ಏನೂ ಕೊಡಬ್ಯಾಡ. ಬಂದದ್ರಾಗ ಅರ್ಧ ಅವರಿಗೆ, ಅರ್ಧ ನಿನಗ.’ ನಾಲ್ಕು ಹಾಳಿ ಮುಂದಿಟ್ಟ. ಒಂದರ ಮೇಲೆ ಇಂಗ್ಲಿಷು, ಮೂರು ಖಾಲಿ. ಮಲಗಿದ್ದವನ ಹೆಬ್ಬೆಟ್ಟು ಹಿಡಿದು ಶಾಯಿಗೆ ಅದ್ದಿ ನಾಲ್ಕೂ ಕಡೆ ಒತ್ತಿಸಿದ. ಆಸ್ಪತ್ರೆಯ ಕಾಗದ, ಎಕ್ಸ್‌ರೇ, ಆಧಾರ ಕಾರ್ಡು ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದ.

ಒಂದು ವರ್ಷ ‘ನಡದದ’. ಎರಡನೆಯ ವರ್ಷವೂ ‘ನಡದದ’. ನಡುವೆ ಸ್ಟಾಂಪಿಗೆ ಎರಡು ಸಾವಿರ, ಡಾಕ್ಟರಿಗೆ ಐದು ಸಾವಿರ, ಸಾಹೇಬರ ಗಾಡಿ ಖರ್ಚಿಗೆ ಸಾವಿರ. ಮೂರನೆಯ ವರ್ಷ ಹೆಂಡತಿ ಹೋಗಿ ಬಾಗಿಲಲ್ಲಿ ಕೂತಾಗ ಬಂದ ಉತ್ತರ: ‘ಮುದ್ದತು ಮುಗದದ ಯವ್ವಾ. ನಾ ಏನ್ ಮಾಡ್ಲಿ?’ ಕಾಗದ ಕೊಡ್ರಿ ಅಂದರೆ, ‘ನನ್ನ ಫೀಸು ಕೊಟ್ಟು ಒಯ್ಯಿ.’

ಇದರಲ್ಲಿ ಅವನು ಕಳೆದುಕೊಂಡದ್ದು ಎಷ್ಟು? ನಮ್ಮ ಹಿರಿಯರು ‘ಹೋಗ್ಲಿ ಬಿಡು’ ಎನ್ನುವಾಗ ಎಷ್ಟನ್ನು ಹೋಗಲಿ ಎನ್ನುತ್ತಿದ್ದಾರೆ ಎಂದು ತಿಳಿದಿರಬೇಕು. ಆಗ ಜಾರಿಯಲ್ಲಿದ್ದದ್ದು 1923ರ ಪರಿಹಾರ ಕಾಯಿದೆ. ಮೊದಲು ಅದರ ಹೆಸರು ಕಾರ್ಮಿಕರ ನಷ್ಟಪರಿಹಾರ ಕಾಯಿದೆ, 2009ರ ತಿದ್ದುಪಡಿಯ ನಂತರ ನೌಕರರ ಪರಿಹಾರ ಕಾಯಿದೆ. ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ಪಗಾರದ ನೂರಕ್ಕೆ ಅರವತ್ತರಷ್ಟನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯಬಹುದಾದ ಪಗಾರದ ಮಿತಿ 15,000 ರೂಪಾಯಿ. ಮೂವತ್ತು ವಯಸ್ಸಿಗೆ ಅಂಕಿ 207.98. ಗುಣಿಸಿ ನೋಡಿ, ಮೇಷ್ಟರೇ. ಒಂಬತ್ತು ಸಾವಿರ ಗುಣಿಸು 207.98. 18,71,820 ರೂಪಾಯಿ! ತಿಂಗಳೊಳಗೆ ಕೊಡದಿದ್ದರೆ ಅದರ ಮೇಲೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ಕೊಡದಿರುವುದಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಮೂಲ ಮೊತ್ತದ ಅರ್ಧದವರೆಗೆ ದಂಡ. ಮೇಸ್ತ್ರಿ ಓಡಿಹೋದರೂ ಕೆಲಸ ಗುತ್ತಿಗೆ ಕೊಟ್ಟ ಬಿಲ್ಡರನನ್ನು ಹಿಡಿಯುವ ದಾರಿ ಅದೇ ಕಾಯಿದೆಯ 12ನೆಯ ಕಲಮಿನಲ್ಲಿತ್ತು. ಬೆಂಗಳೂರಿಗೆ ಹೋಗಬೇಕಾಗಿಯೂ ಇರಲಿಲ್ಲ, ಗಾಯಗೊಂಡವನು ವಾಸವಿರುವ ಜಾಗದಲ್ಲೇ ಅರ್ಜಿ ಹಾಕಬಹುದಿತ್ತು. ಅರ್ಜಿ ಹಾಕಲು ಎರಡು ವರ್ಷ ಸಮಯವಿತ್ತು.

ಎರಡು ವರ್ಷ! ಏಳುನೂರ ಮೂವತ್ತು ದಿನ. ಅದರಲ್ಲಿ ಒಂದು ದಿನ ಒಂದು ಅರ್ಜಿ ಹಾಕಲು ಆಗಲಿಲ್ಲ ಎಂದರೆ ಅದನ್ನು ಮರೆವು ಎನ್ನಬೇಕೋ, ಕಳವು ಎನ್ನಬೇಕೋ? ದನ ಕದ್ದವನನ್ನು ಕಂಬಕ್ಕೆ ಕಟ್ಟುವ ಊರು ಹದಿನೆಂಟು ಲಕ್ಷ ಮುಳುಗಿಸಿದವನಿಗೆ ಎದ್ದು ನಿಂತು ಕುರ್ಚಿ ಕೊಡುತ್ತದೆ.

ಇಂಥವರ ಮೇಲೆ ಹೋಗಲು ಬಾಗಿಲು ಉಂಟೇ? ಉಂಟು. ಆದರೆ ಒಂದೊಂದಾಗಿ ಬಾಗಿಲು ಮುಚ್ಚಿಕೊಳ್ಳುತ್ತಾ ಬಂದಿರುವುದನ್ನೂ ನೋಡಬೇಕು. ಡಾಕ್ಟರು ತಪ್ಪು ಮಾಡಿದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಕೀಲರ ಮೇಲೆಯೂ ಹೋಗಬಹುದು ಎಂದು 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತು. ವಕೀಲರ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಮೇ 14ರಂದು ತೀರ್ಪು ಬಂತು: ವಕೀಲರ ಸೇವೆ ಗ್ರಾಹಕ ಕಾಯಿದೆಯ ಕೆಳಗೆ ಬರುವುದಿಲ್ಲ, ಅದು ವಿಶಿಷ್ಟ ವೃತ್ತಿ. ಚಪ್ಪಲಿ ಹೊಲಿಯುವವ ಕೆಟ್ಟ ಚಪ್ಪಲಿ ಕೊಟ್ಟರೆ ಉತ್ತರ ಕೊಡಬೇಕು, ವಕೀಲ ಕೆಟ್ಟ ಕೆಲಸ ಮಾಡಿದರೆ ಅಲ್ಲಿ ಉತ್ತರ ಕೊಡಬೇಕಾಗಿಲ್ಲ. ವಕೀಲರು ವಾದಿಸಿದರು, ವಕೀಲರಾಗಿದ್ದು ನ್ಯಾಯಮೂರ್ತಿಗಳಾದವರು ಕೇಳಿದರು. ನಾವು ಹೊರಗೆ ಕೂತಿದ್ದೆವು.

ಸಿವಿಲ್ ದಾವೆ ಹಾಕಬಹುದು ಅನ್ನುತ್ತಾರೆ. ಹಾಕಬಹುದು. ಅದಕ್ಕೆ ಇನ್ನೊಬ್ಬ ವಕೀಲ ಬೇಕು. ಅದೇ ಬಾರಿನಲ್ಲಿ ಚಹಾ ಕುಡಿಯುವ ಇನ್ನೊಬ್ಬ ಬರುತ್ತಾನೆಯೇ?

ಉಳಿದದ್ದು ವಕೀಲರ ಪರಿಷತ್ತು. 1961ರ ವಕೀಲರ ಕಾಯಿದೆಯ 35ನೆಯ ಕಲಮು. ವಕೀಲನ ದುರ್ನಡತೆಯ ಬಗ್ಗೆ ಯಾರೇ ದೂರು ಕೊಟ್ಟರೂ, ನಂಬಲು ಕಾರಣವಿದೆ ಎಂದು ಕಂಡರೆ, ರಾಜ್ಯ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಒಪ್ಪಿಸಬೇಕು. ಸಮಿತಿ ದೂರನ್ನು ತಳ್ಳಿಹಾಕಬಹುದು, ವಕೀಲನಿಗೆ ಛೀಮಾರಿ ಹಾಕಬಹುದು, ಇಷ್ಟು ಕಾಲ ಕೋಟು ಹಾಕಬೇಡ ಎನ್ನಬಹುದು, ಹೆಸರನ್ನೇ ಪಟ್ಟಿಯಿಂದ ಹೊಡೆದು ಹಾಕಬಹುದು. ಒಂದು ವರ್ಷದೊಳಗೆ ಮುಗಿಸದಿದ್ದರೆ ವಿಷಯ ದಿಲ್ಲಿಯ ಭಾರತ ವಕೀಲರ ಪರಿಷತ್ತಿಗೆ ಹೋಗಬೇಕು ಎಂದು 36ಬಿ ಕಲಮು ಹೇಳುತ್ತದೆ. ತೀರ್ಪು ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ಅಲ್ಲಿಗೇ ಮೇಲ್ಮನವಿ, ಅದಾದ ಮೇಲೆ ಸುಪ್ರೀಂ ಕೋರ್ಟು.

ಈ ಬಾಗಿಲ ಮುಂದೆ ನಿಂತಾಗಲೇ ನಮ್ಮ ಹಿರಿಯರ ಬುದ್ಧಿಮಾತು ಶುರುವಾಗುತ್ತದೆ. ಒಂದೊಂದಾಗಿ ಕೇಳೋಣ.

ಮೊದಲನೆಯ ಮಾತು: ‘ಕೇಸ್ ಸೋತದ್ದಕ್ಕ ವಕೀಲ್ರ ಮ್ಯಾಲ ದೂರ ಕೊಡ್ತೀರೇನ್ರಿ?’ ಇಲ್ಲ. ಇದನ್ನು ನಾವು ಸ್ಪಷ್ಟ ಮಾಡಿಕೊಳ್ಳದಿದ್ದರೆ ನಮ್ಮ ದೂರು ಮೊದಲ ದಿನವೇ ಕಸದ ಬುಟ್ಟಿಗೆ ಬೀಳುತ್ತದೆ. ಸೋಲುವುದು ತಪ್ಪಲ್ಲ. ಕಾಯಿದೆ ತಿಳಿಯುವುದರಲ್ಲಿ ಎಡವುವುದೂ ದುರ್ನಡತೆಯಲ್ಲ. ಬರೀ ನಿರ್ಲಕ್ಷ್ಯ, ಬರೀ ತಪ್ಪು ಅಂದಾಜು ಸಾಲದು, ಅದರಲ್ಲಿ ನೀತಿಗೇಡಿತನ ಇರಬೇಕು ಎಂದು 1963ರಲ್ಲೇ ಸುಪ್ರೀಂ ಕೋರ್ಟು ಗೆರೆ ಎಳೆದಿದೆ. ಒಂದು ಉದಾಹರಣೆ. ಎಡಗೈ ಮೊಣಕೈ ಮೇಲೆ ಕತ್ತರಿಸಿಹೋದ ಬಡಗಿಯೊಬ್ಬನಿಗೆ ಒಂದು ಕೈ ಉಳಿದಿದೆಯಲ್ಲ ಎಂದು ಲೆಕ್ಕ ಕಡಿಮೆ ಮಾಡಲು ಹೊರಟಾಗ, ಒಂದೇ ಕೈಯಲ್ಲಿ ಬಡಗಿತನ ಆಗುವುದಿಲ್ಲ, ಅವನ ದುಡಿಮೆ ಪೂರ್ತಿ ಹೋಗಿದೆ ಎಂದು 1975ರ ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ತೀರ್ಪು ಗೊತ್ತಿಲ್ಲದ ವಕೀಲ ದಡ್ಡ, ಅಷ್ಟೇ. ಆದರೆ ಕೇಸು ಹಾಕದೆ ಹಾಕಿದ್ದೇನೆ ಎಂದವನು ದಡ್ಡನಲ್ಲ. ಬಂದದ್ದರಲ್ಲಿ ಅರ್ಧ ಎಂದವನು ದಡ್ಡನಲ್ಲ. ಗೆದ್ದರೆ ಪಾಲು ಎಂಬ ಫೀಸಿನ ಕರಾರನ್ನು ಭಾರತ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಏಜೆಂಟನನ್ನು ಬಿಟ್ಟು ಕೇಸು ಹಿಡಿಯುವುದನ್ನೂ ನಿಷೇಧಿಸಿದೆ. ಕಕ್ಷಿದಾರನ ಹಣಕ್ಕೆ ಲೆಕ್ಕ ಇಡಬೇಕು ಎಂದಿದೆ. ಫೀಸು ಬಾಕಿ ಇದೆಯೆಂದು ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗೆ ಇಲ್ಲ, ಹಾಗೆ ಹಿಡಿದರೆ ಅದು ದುರ್ನಡತೆ ಎಂದು 2000ದಲ್ಲಿ ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ನಮ್ಮ ದೂರು ಸೋಲಿನ ಮೇಲಲ್ಲ. ಸುಳ್ಳಿನ ಮೇಲೆ.

ಎರಡನೆಯ ಮಾತು: ‘ಅಲ್ಲಿ ಕೂತವ್ರೂ ವಕೀಲ್ರೇ. ಹಾವಿನ ಮ್ಯಾಲ ಹಾವಿಗೆ ದೂರ ಕೊಟ್ಟಂಗ.’ ಈ ಮಾತಿನಲ್ಲಿ ಸತ್ಯ ಇದೆ. ಶಿಸ್ತು ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಇನ್ನೊಬ್ಬ ಹೊರಗಿನಿಂದ ಆರಿಸಿದ ವಕೀಲ. ಮೂವರೂ ಕರಿಕೋಟು. ಪರಿಷತ್ತಿಗೆ ಆರಿಸಿ ಬರಲು ವಕೀಲರ ಓಟು ಬೇಕು, ಕೂಲಿಯವನ ಓಟು ಬೇಕಾಗಿಲ್ಲ. ಇದು ಬದಲಾಗಬೇಕು. ಆ ಸಮಿತಿಯಲ್ಲಿ ವಕೀಲನಲ್ಲದ ಒಬ್ಬ ಮನುಷ್ಯ ಕೂಡಬೇಕು ಎಂದು ನಾವು ಕೇಳುತ್ತೇವೆ. ಆದರೆ ಬದಲಾಗುವವರೆಗೆ ದೂರು ಕೊಡುವುದಿಲ್ಲ ಎಂದರೆ ಯಾರಿಗೆ ಲಾಭ? ದೂರುಗಳೇ ಬಾರದ ಪರಿಷತ್ತು ‘ನಮ್ಮಲ್ಲಿ ಎಲ್ಲ ಸರಿಯಾಗಿದೆ’ ಎನ್ನುತ್ತದೆ. ಹಾಳಿಯ ಮೇಲೆ ಬಾರದ ಅನ್ಯಾಯ ಸರ್ಕಾರದ ಕಣ್ಣಿಗೆ ಆಗೇ ಇಲ್ಲ.

ಮತ್ತು ಹಾವು ಹಾವನ್ನು ಕಚ್ಚಿದ್ದೂ ಉಂಟು. ತಮಿಳುನಾಡಿನ ಒಂದು ಪ್ರಕರಣ ಕೇಳಿ. ಎಪ್ಪತ್ತು ವರ್ಷದ ಕಿವುಡ ಮುದುಕ, ಅವನ ಮುದುಕಿ. ಬರಬೇಕಾದ ಸಾಲದ ಹಣಕ್ಕೆ ದಾವೆ ಹಾಕೆಂದು ವಕೀಲನಿಗೆ ಹಣ ಕೊಟ್ಟರು. ಅವನು ದಾವೆ ಹಾಕಲಿಲ್ಲ, ಹಾಕಿದ್ದೇನೆ ಎಂದು ಸುಳ್ಳು ಹೇಳುತ್ತಾ ಬಂದ. ನಮ್ಮ ಕೇರಿಯ ಕಥೆಯೇ ಅಲ್ಲವೇ? ದೂರು ಹೋಯಿತು. ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಆರು ವರ್ಷ ಅಮಾನತು ಮಾಡಿತು. ದಿಲ್ಲಿಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ವಕೀಲ ಸುಪ್ರೀಂ ಕೋರ್ಟಿಗೆ ಹೋದ. 1978ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ರಂಗದುರೈ ತೀರ್ಪು ಅವನ ತಪ್ಪನ್ನು ಎತ್ತಿಹಿಡಿಯಿತು. ಶಿಕ್ಷೆಯನ್ನು ಮಾತ್ರ ಬೇರೆ ಥರ ಮಾಡಿತು: ಬಡವರಿಗೆ ಬಿಟ್ಟಿ ಕಾನೂನು ಸೇವೆ ಮಾಡು, ಮೋಸ ಹೋದವರಿಗೆ 2,500 ರೂಪಾಯಿ ಕೊಡು. ಕಿವುಡ ಮುದುಕನೊಬ್ಬ ದೂರು ಬರೆಸಿದ್ದರಿಂದ ಈ ದೇಶದ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿ ಇಂದು ಆ ಹೆಸರು ಪಾಠವಾಗಿದೆ. ಅವನು ‘ಹೋಗ್ಲಿ ಬಿಡು’ ಎಂದಿದ್ದರೆ?

ಮೂರನೆಯ ಮಾತು: ‘ದೂರ ಕೊಟ್ರ ರೊಕ್ಕ ಬರ್ತದೇನು?’ ಇಲ್ಲ ಎಂದೇ ತಿಳಿದುಕೊಳ್ಳಿ. ಪರಿಷತ್ತಿನ ಕೆಲಸ ಹದಿನೆಂಟು ಲಕ್ಷ ಕೊಡಿಸುವುದಲ್ಲ. ಇದನ್ನು ಮಲಗಿದ್ದವನಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ನಾವೂ ಇನ್ನೊಂದು ಸುಳ್ಳು ಹೇಳಿದಂತೆ. ಹಣದ ದಾರಿ ಬೇರೆ. ಎರಡು ವರ್ಷ ಮುಗಿದಿದ್ದರೂ ತಕ್ಕ ಕಾರಣ ತೋರಿಸಿದರೆ ತಡವಾದ ಅರ್ಜಿಯನ್ನು ತೆಗೆದುಕೊಳ್ಳುವ ಅಧಿಕಾರವನ್ನು ಹಳೆಯ ಕಾಯಿದೆ ಆಯುಕ್ತರಿಗೆ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಅಪಘಾತ ಎಂದು ಕೈಬಿಡದೆ, ತಡವಾಗಿಯಾದರೂ ಅರ್ಜಿ ಹಾಕಲೇಬೇಕು. ‘ವಕೀಲ ಮೋಸ ಮಾಡಿದ’ ಎಂಬುದೇ ತಡಕ್ಕೆ ಕಾರಣವಾಗುವಾಗ, ಪರಿಷತ್ತಿಗೆ ಕೊಟ್ಟ ದೂರಿನ ನಕಲು ಆ ಮಾತಿಗೆ ಬೆನ್ನೆಲುಬು. ಬೆನ್ನೆಲುಬು ಮುರಿದವನಿಗೆ ಕಾಗದದ ಬೆನ್ನೆಲುಬಾದರೂ ಇರಲಿ.

ಇನ್ನು ನಾಲ್ಕನೆಯ ಮಾತು. ಇದೇ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಮೆಲ್ಲಗೆ ಹೇಳುವಂಥದ್ದು. ‘ವಕೀಲ ನಮ್ಮವನೇ ಅದಾನ್ರಿ.’

ಹೌದು. ಎಷ್ಟೋ ಸಲ ನಮ್ಮವನೇ. ನಮ್ಮ ಕೇರಿಯಿಂದಲೇ ಹಾಸ್ಟೆಲಿಗೆ ಹೋದವನು. ಅವನು ಕರಿಕೋಟು ಹಾಕಿದ ದಿನ ಕೇರಿ ಹಲಗೆ ಬಾರಿಸಿ ಮೆರವಣಿಗೆ ಮಾಡಿದೆ. ಮೇಲಿನವರ ವಕೀಲ ನಮ್ಮನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡುತ್ತಿದ್ದ, ಇವನು ಬೆಂಚಿನ ಮೇಲೆ ಕೂಡಿಸಿದ. ಅದು ಸಣ್ಣ ಮಾತಲ್ಲ. ‘ಈಗ ಅವನ ಮೇಲೆ ದೂರು ಕೊಟ್ಟರೆ ನಗುವವರು ಯಾರು? ಇವರಿಗೆ ಕೋಟು ಹೊಂದೋದಿಲ್ಲ ಅಂತ ಮೊದಲೇ ಹೇಳಿದ್ದೆವು ಎನ್ನುವವರಿಗೆ ಕೋಲು ಕೊಟ್ಟಂತಲ್ಲವೇ?’ ಹೀಗೆ ಕೇಳುವ ಸಂಗಾತಿಗಳ ನೋವು ನಮಗೆ ಗೊತ್ತು. ಆದರೂ ಹೇಳುತ್ತೇವೆ: ಬೆಂಚಿನ ಮೇಲೆ ಕೂಡಿಸಿ ಕುತ್ತಿಗೆ ಕುಯ್ದರೆ ಅದು ಸಮಾನತೆ ಆಗುವುದಿಲ್ಲ.

‘ನಮ್ಮವನು’ ಎಂದರೆ ಯಾರು? ಕೋಟು ಹಾಕಿದವನು ಮಾತ್ರ ನಮ್ಮವನೋ, ಮಲಗಿದವನೂ ನಮ್ಮವನೋ? ನಮ್ಮವನು ಎಂಬ ಮಾತು ಯಾವಾಗಲೂ ನಿಂತವನ ಕಡೆಗೇ ಯಾಕೆ ವಾಲುತ್ತದೆ? ನಮ್ಮವನಾದ್ದರಿಂದಲೇ ಮಲಗಿದವನು ಅವನನ್ನು ನಂಬಿದ, ರಸೀದಿ ಕೇಳಲಿಲ್ಲ, ಖಾಲಿ ಹಾಳಿಗೆ ಹೆಬ್ಬೆಟ್ಟು ಒತ್ತಿದ. ಹೊರಗಿನವನಿಗೆ ಅವನು ಅಷ್ಟು ಸುಲಭಕ್ಕೆ ಒತ್ತುತ್ತಿರಲಿಲ್ಲ. ಅಂದರೆ ಇಲ್ಲಿ ಮಾರಾಟವಾದದ್ದು ಕೇಸಲ್ಲ, ಆ ನಂಬಿಕೆ. ಅದಕ್ಕೆ ಬಂಡವಾಳ ಹಾಕಿದವರು ಇಡೀ ಚಳವಳಿಯವರು.

ಬಾಬಾಸಾಹೇಬರೂ ವಕೀಲರು. 1923ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರಾಗಿ ಬಂದು ಮುಂಬೈಯಲ್ಲಿ ವಕೀಲಿ ಶುರು ಮಾಡಿದರು. ಕೆಲಸದಲ್ಲಿ ಬಿದ್ದ ಕೂಲಿಕಾರನಿಗೆ ಪರಿಹಾರ ಕೊಡಿಸುವ ಆ ಕಾಯಿದೆ ಹುಟ್ಟಿದ್ದೂ ಅದೇ 1923ರಲ್ಲಿ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಅವರು ಹೊತ್ತದ್ದು ಕಾರ್ಮಿಕ ಖಾತೆ. ಅವರ ಫೋಟೋ ಹಾಕಿಕೊಂಡ ಕಚೇರಿಯಲ್ಲಿ ಕೂತು ಕೂಲಿಕಾರನ ಅದೇ ಪರಿಹಾರವನ್ನು ಮುಳುಗಿಸುವವನು ಫೋಟೋ ತೆಗೆದಿಡಲಿ, ಇಲ್ಲ ಲೆಕ್ಕ ಕೊಡಲಿ. ನಗುವವರು ನಗಲಿ. ತಮ್ಮವರ ತಪ್ಪನ್ನು ತಾವೇ ಎತ್ತಿ ಆಡುವ ಸಮಾಜವನ್ನು ನೋಡಿ ನಗುವವರು, ತಮ್ಮವರ ಮೇಲೆ ಎಷ್ಟು ದೂರು ಬರೆದಿದ್ದಾರೆ ಎಂದು ತೋರಿಸಲಿ.

ನಮ್ಮ ಜೊತೆ ಬಿಸಿಲಲ್ಲಿ ನಡೆದ ವಕೀಲರೂ ಇದ್ದಾರೆ. ಬಸ್ ಚಾರ್ಜು ತಾವೇ ಹಾಕಿಕೊಂಡು ದೌರ್ಜನ್ಯದ ಕೇಸು ನಡೆಸುವವರು. ಅವರ ಕೋಟಿಗೆ ಮಸಿ ಬಳಿಯುವವರು ದೂರು ಬರೆಯುವ ನಾವಲ್ಲ. ಅದೇ ಕೋಟು ಹಾಕಿಕೊಂಡು ಹೆಬ್ಬೆಟ್ಟು ಮಾರುವವರು.

ಈಗ ಕೆಲಸದ ಮಾತು. ವಿದ್ಯಾರ್ಥಿಗಳು, ಮೇಷ್ಟರು ಇದನ್ನು ಬರೆದಿಟ್ಟುಕೊಳ್ಳಿ. ದೂರನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯಭಾಷೆಯಲ್ಲಿ ದೂರು ಕೊಡಬಹುದು, ವಿಷಯ ದಿಲ್ಲಿಗೆ ಹೋಗುವಾಗ ಇಂಗ್ಲಿಷಿಗೆ ಮಾಡಿಸುವುದು ಪರಿಷತ್ತಿನ ಹೊಣೆ ಎಂದು ಅವರದೇ ನಿಯಮ ಹೇಳುತ್ತದೆ. ಅರ್ಜಿಯ ರೂಪದಲ್ಲಿರಬೇಕು, ಕೊನೆಗೆ ‘ಇದು ಸತ್ಯ’ ಎಂಬ ದೃಢೀಕರಣ ಇರಬೇಕು, ಗೊತ್ತುಮಾಡಿದ ಶುಲ್ಕ ಕಟ್ಟಬೇಕು. ಬೈಗುಳ ಬೇಡ, ತಾರೀಖು ಬೇಕು. ಬಿದ್ದ ದಿನ, ಹೆಬ್ಬೆಟ್ಟು ಒತ್ತಿದ ದಿನ, ಹಣ ಕೊಟ್ಟ ದಿನಗಳು, ‘ನಡದದ’ ಎಂದ ದಿನಗಳು, ಕಾಗದ ಕೇಳಿದ ದಿನ. ರಸೀದಿ ಇಲ್ಲವೆಂದು ಎದೆಗುಂದಬೇಡಿ. ಫೋನಿನಲ್ಲಿ ಹಾಕಿದ ಹಣದ ದಾಖಲೆ, ಕಳಿಸಿದ ಸಂದೇಶ, ಹಣ ಕೊಡುವಾಗ ಜೊತೆಗಿದ್ದವರ ಮಾತು, ಎಲ್ಲವೂ ಸಾಕ್ಷಿ. ಕಾಗದ ವಾಪಸು ಕೊಡಿ ಎಂದು ಮೊದಲು ರಿಜಿಸ್ಟರ್ ಅಂಚೆಯಲ್ಲಿ ಪತ್ರ ಹಾಕಿ, ಆ ಚೀಟಿ ಜೋಪಾನ ಮಾಡಿ. ಕೋರ್ಟಿನಲ್ಲಿ ದಾಖಲಾದ ಕೇಸಿಗೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಕೇಸು ಹಾಕಿದ್ದೇನೆ ಎನ್ನುವ ವಕೀಲನನ್ನು ಅದೊಂದು ಕೇಳಿ. ಸಂಖ್ಯೆ ಇದ್ದರೆ ಮೊಬೈಲಿನಲ್ಲೇ ತಾರೀಖು ಕಾಣುತ್ತದೆ, ಸಂಖ್ಯೆ ಕೊಡದಿದ್ದರೆ ಅನುಮಾನ ಶುರುವಾಗಲಿ.

ಇನ್ನೊಂದು ನಿಯಮ ತಿಳಿದಿರಿ. ದೂರು ಹೋದ ಮೇಲೆ ರಾಜಿಗೆ ಬರುತ್ತಾರೆ. ‘ಹತ್ ಸಾವಿರ ತಗೊ, ವಾಪಸ್ ತಗೊ’ ಎನ್ನುತ್ತಾರೆ. ದೂರು ವಾಪಸು ಪಡೆದರು, ರಾಜಿಯಾದರು ಎಂಬ ಒಂದೇ ಕಾರಣಕ್ಕೆ ಶಿಸ್ತಿನ ವಿಚಾರಣೆ ಕೈಬಿಡುವಂತಿಲ್ಲ ಎಂದು ನಿಯಮವಿದೆ. ಹಸಿದವನ ಬಾಯಿ ಮುಚ್ಚಿಸಬಹುದು, ಹಾಳಿಯ ಬಾಯಿ ಮುಚ್ಚಿಸಲು ಬರುವುದಿಲ್ಲ.

ಹೊಸ ಕೇಸಿಗೆ ವಕೀಲ ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯ 12ನೆಯ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ಬಿಟ್ಟಿ ವಕೀಲರನ್ನು ಕೊಡಬೇಕು ಎಂದಿದೆ. ಇದು ಭಿಕ್ಷೆಯಲ್ಲ.

ಮತ್ತು ನಮ್ಮ ಬೇಡಿಕೆ. ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಇರುವುದು ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿ. ಹೆಸರು ನೋಡಿದರೆ ನಮ್ಮ ಬೀದಿ. ಕೊಡೇಕಲ್ಲಿನಿಂದ ಹೆಚ್ಚುಕಡಿಮೆ ಐನೂರು ಕಿಲೋಮೀಟರ್. ಸೊಂಟ ಮುರಿದವನು ಯಾವ ಬಸ್ಸಿನಲ್ಲಿ, ಯಾರ ಹೆಗಲ ಮೇಲೆ ಅಲ್ಲಿಗೆ ಹೋಗಬೇಕು? 2008ರಲ್ಲಿ ಹೈಕೋರ್ಟಿನ ಪೀಠವೇ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಹೈಕೋರ್ಟು ನಡೆದು ಬಂದ ದಾರಿಯಲ್ಲಿ ಶಿಸ್ತು ಸಮಿತಿ ಯಾಕೆ ನಡೆದು ಬರಬಾರದು? ನ್ಯಾಯ ಕೊಡುವ, ವಿಚಾರಣೆ ಮಾಡುವ ಯಾವ ಸಂಸ್ಥೆಯ ಮುಂದೆಯೂ ಅಂಗವಿಕಲನಿಗೆ ತಾರತಮ್ಯವಿಲ್ಲದೆ ಪ್ರವೇಶ ಸಿಗಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಹಾಗಾದರೆ ಅವನ ಹೇಳಿಕೆಯನ್ನು ಅವನ ಹಾಸಿಗೆಯ ಬಳಿಯೇ ತೆಗೆದುಕೊಳ್ಳಿ. ವಿಚಾರಣೆ ಕಲಬುರಗಿಯಲ್ಲಿ ನಡೆಸಿ. ಆದೇಶ ಕನ್ನಡದಲ್ಲಿ ಬರೆಯಿರಿ. ಸಮಿತಿಯಲ್ಲಿ ಕೋಟಿಲ್ಲದ ಒಬ್ಬರನ್ನು ಕೂಡಿಸಿ.

ಸಂಗಾತಿಗಳೇ, ನಾವು ಓದಿದ ಮೊದಲ ತಲೆಮಾರು. ನಮ್ಮ ಅಪ್ಪಂದಿರ ಬೆರಳಿಗೆ ಶಾಯಿ ಹತ್ತಿದ್ದು ಒತ್ತಲಿಕ್ಕೆ, ನಮ್ಮ ಬೆರಳಿಗೆ ಶಾಯಿ ಹತ್ತಿದ್ದು ಬರೆಯಲಿಕ್ಕೆ. ಕವಿತೆ ಬರೆದೆವು, ಗೋಡೆ ಬರಹ ಬರೆದೆವು, ಕರಪತ್ರ ಬರೆದೆವು. ದೂರು ಬರೆಯುವುದು ಅವುಗಳಿಗಿಂತ ಕಡಿಮೆ ಬರವಣಿಗೆ ಅಲ್ಲ. ಊರಿಗೆ ಇಬ್ಬರು ಸಾಕು. ಒಬ್ಬ ಮೇಷ್ಟರು, ಒಬ್ಬ ಕಾಲೇಜು ಹುಡುಗಿ. ಭಾನುವಾರ ಒಂದು ಹೊತ್ತು ಕೇರಿಯಲ್ಲಿ ಕೂಡಲಿ. ಯಾರ ಕಾಗದ ಯಾವ ವಕೀಲನ ಕಪಾಟಿನಲ್ಲಿದೆ, ಎಷ್ಟು ವರ್ಷವಾಯಿತು, ಯಾರ ಮುದ್ದತು ಇನ್ನೂ ಉಳಿದಿದೆ, ಒಂದು ನೋಟ್ ಬುಕ್ಕಿನಲ್ಲಿ ಬರೆಯಲಿ. ಮುದ್ದತು ಉಳಿದವರ ಅರ್ಜಿ ಮೊದಲು ಹೋಗಲಿ, ಮುಗಿದವರ ದೂರು ಅದರ ಬೆನ್ನಿಗೇ ಹೋಗಲಿ. ಮತ್ತೊಂದು ಬೇಸಿಗೆ ಬರುತ್ತದೆ, ಮತ್ತೆ ಬಸ್ಸು ತುಂಬುತ್ತದೆ, ಮತ್ತೆ ಯಾರೋ ಬೀಳುತ್ತಾರೆ. ಆ ಹೊತ್ತಿಗೆ ಏಜೆಂಟ ಖಾಲಿ ಹಾಳಿ ಹಿಡಿದು ಕೇರಿಗೆ ಕಾಲಿಟ್ಟರೆ, ಅವನಿಗಿಂತ ಮೊದಲು ನಮ್ಮ ನೋಟ್ ಬುಕ್ಕು ಆ ಮನೆಯಲ್ಲಿರಬೇಕು.